ಪಕ್ಕದ ಮನೆಯ ವಲೇರಿಯಾಳ ಹುಟ್ಟುಹಬ್ಬ

ಉಮಾಕಾಂತ ಆಸ್ಟ್ರೇಲಿಯಾಕ್ಕೆ ಬಂದ ಮೊದಲ ತಿಂಗಳಲ್ಲೇ ತಲೆ ಬೋಳಿಸಿಕೊಂಡ. ಹರಕೆಯೇನೂ ಇರಲಿಲ್ಲ. ಬ್ರಿಸ್ಬೇನಿನ ಟೂವಾಂಗಿನಲ್ಲಿ ಕ್ಷೌರದವನು ಏನೋ ಕೇಳಿದ, ಇವನಿಗೆ ಅರ್ಥವಾಗಲಿಲ್ಲ. ‘ಪಾರ್ಡನ್?’ ಎಂದ. ಅವನು ಮತ್ತೆ ಹೇಳಿದ, ಮತ್ತೂ ಅರ್ಥವಾಗಲಿಲ್ಲ. ಮೂರನೆಯ ಸಲ ಕೇಳಲು ನಾಚಿಕೆಯಾಗಿ ‘ಯಾ, ನೋ ವರೀಸ್’ ಎಂದುಬಿಟ್ಟ. ಮಷಿನ್ನು ಹಣೆಯಿಂದ ಹಿಂದಲೆಯವರೆಗೆ ಒಂದೇ ಓಟ ಓಡಿತು. ಮನೆಯ ಬಾಗಿಲು ತೆರೆದ ಹೆಂಡತಿ ಇಂದಿರಾ ಎದೆ ಹಿಡಿದುಕೊಂಡು, ‘ಯಾರು ಹೋದ್ರು?’ ಎಂದಳು.

ಆದರೂ ಅವನು ಬದಲಾಗಲಿಲ್ಲ. ಮೈಸೂರಿನವನು, ರೈಲ್ವೆ ಸಿಗ್ನಲ್ಲುಗಳ ಇಂಜಿನಿಯರ್. ನಕ್ಷೆಯಲ್ಲಿ ಒಂದು ಗೆರೆಯ ಮೇಲೆ ಅನುಮಾನ ಬಂದರೆ ಹತ್ತು ಸಲ ನೋಡುವ ಮನುಷ್ಯ. ಆದರೆ ಯಾರಾದರೂ ಎದುರಿಗೆ ನಿಂತು ಮಾತಾಡಿದರೆ ಅರ್ಥವಾಗಲಿ ಬಿಡಲಿ ತಲೆಯಾಡಿಸುತ್ತಿದ್ದ.

ನಾಲ್ಕು ವರ್ಷದ ಮೇಲೆ ಕೆಲಸ ಪರ್ತ್‌ಗೆ ಬಂತು. ಥಾರ್ನ್ಲಿಯಲ್ಲಿ ಮನೆ ಕೊಂಡರು. ಕಳೆದ ವರ್ಷ ಪಕ್ಕದ ಮನೆಗೆ ಮೆಕ್ಸಿಕೋದ ಸಂಸಾರವೊಂದು ಬಂದು ಸೇರಿತು: ಫ್ರೀಮ್ಯಾಂಟಲ್ ಬಂದರಿನಲ್ಲಿ ಕ್ರೇನ್ ರಿಪೇರಿ ಮಾಡುವ ಎರ್ನೆಸ್ಟೊ, ಅವನ ಹೆಂಡತಿ, ತಾಯಿ ಎಲ್ವಿರಾ, ಮತ್ತು ಉಮಾಕಾಂತನ ಮಗಳು ಕೃತಿಯ ಕ್ಲಾಸಿನಲ್ಲೇ ಓದುವ ವಲೇರಿಯಾ.

ನವೆಂಬರಿನ ಒಂದು ಮಂಗಳವಾರ ಇಬ್ಬರೂ ಕಸದ ಡಬ್ಬಿಗಳನ್ನು ರಸ್ತೆಗೆ ತಳ್ಳುತ್ತಿದ್ದಾಗ ಎರ್ನೆಸ್ಟೊ ತನ್ನ ಇಂಗ್ಲಿಷಿನಲ್ಲಿ ಹೇಳಿದ: ‘ಶನಿವಾರ ವಲೇರಿಯಾಗೆ ಏಳು ತುಂಬುತ್ತೆ. ಮೂರು ಗಂಟೆಗೆ ಪಾರ್ಟಿ, ನಿಮ್ಮ ಮನೇಲಿ. ನಲವತ್ತೇ ಜನ.’

‘ನೋ ವರೀಸ್’ ಎಂದ ಉಮಾಕಾಂತ.

ಒಳಗೆ ಬಂದು ಹೇಳಿದಾಗ ಇಂದಿರಾ ಕೈಲಿದ್ದ ಸೌಟು ಕೆಳಗಿಟ್ಟಳು.

‘ಅವರ ಮಗಳ ಬರ್ತ್‌ಡೇ ನಮ್ಮನೇಲ್ಯಾಕೆ?’

‘ಅವರ ಕಡೆ ಹಾಗೇ ಇರಬಹುದು ಕಣೆ. ನೆಂಟರ ಮನೇಲಿ ಮಾಡೋದು.’

‘ನಾವು ನೆಂಟರಾ? ಕೇಳ್ಬಾರ್ದಿತ್ತಾ?’

‘ಒಪ್ಕೊಂಡಾಗಿದೆ.’

ಇಂದಿರಾ ಆ ಸಂಜೆಯೆಲ್ಲ ಸಿಡಿಮಿಡಿಗುಟ್ಟಿದಳು. ಆದರೆ ಬೆಳಗಾಗುವಷ್ಟರಲ್ಲಿ ಅವಳಲ್ಲಿ ಬೇರೊಂದು ಛಲ ಹುಟ್ಟಿತ್ತು. ‘ಮನೆಗೆ ನಲವತ್ತು ಜನ ಬಂದ್ರೆ ಬರೀ ಚಿಪ್ಸ್ ಇಡಕ್ಕಾಗುತ್ತಾ? ನಮ್ಮ ಮರ್ಯಾದೆ ಏನಾಗ್ಬೇಕು?’ ಎಂದು ಬಿಸಿಬೇಳೆಬಾತಿನ ಪುಡಿ ಹುರಿಯಲು ನಿಂತಳು. ಕನ್ನಡ ಸಂಘದ ಶ್ರೀಕಂಠಯ್ಯ ಅಂಕಲ್ ಹತ್ತಿರವಿದ್ದ ಮಡಚುವ ಕುರ್ಚಿಗಳೂ ದೊಡ್ಡ ಕೊಳಗವೂ ಬಂದವು. ಶನಿವಾರ ಬೆಳಿಗ್ಗೆ ಉಮಾಕಾಂತ ಉಸಿರು ಕಟ್ಟಿ ಬಲೂನು ಊದಿದ. ಕೃತಿ ನೋಡುತ್ತಾ ನಿಂತಿದ್ದಳು. ‘ಅಪ್ಪಾ, ಇಟ್ಸ್ ನಾಟ್ ಈವನ್ ಮೈ ಬರ್ತ್‌ಡೇ.’

ಮೂರು ಗಂಟೆಯಾಯಿತು. ಒಂದು ನರಪಿಳ್ಳೆಯೂ ಬರಲಿಲ್ಲ. ಪಕ್ಕದ ಮನೆಯಲ್ಲೂ ಸದ್ದಿಲ್ಲ. ಮೂರೂವರೆ. ನಾಲ್ಕು. ಕೊಳಗದಲ್ಲಿ ಬಾತು ಗಟ್ಟಿಯಾಗತೊಡಗಿತು.

‘ಹೋಗಿ ಕೇಳ್ಬನ್ರೀ’ ಎಂದಳು ಇಂದಿರಾ.

‘ಏನಂತ ಕೇಳ್ಲಿ? ನಿಮ್ಮ ಮಗಳ ಬರ್ತ್‌ಡೇಗೆ ನೀವು ಬರ್ತೀರಾ ಅಂತಾನಾ?’

ನಾಲ್ಕೂವರೆಗೆ ಒಂದರ ಹಿಂದೊಂದು ಕಾರು ಬಂದು ನಿಂತವು. ಉಮಾಕಾಂತ ಇಸ್ತ್ರಿ ಮಾಡಿದ ಜುಬ್ಬದಲ್ಲಿ ಗೇಟಿಗೆ ಓಡಿ, ಎರಡೂ ಕೈ ಚಾಚಿ ‘ವೆಲ್‌ಕಮ್, ವೆಲ್‌ಕಮ್’ ಎಂದ. ಮೊದಲು ಇಳಿದ ದಪ್ಪ ಮೀಸೆಯವನು ಆ ಚಾಚಿದ ಕೈಗಳನ್ನು ನೋಡಿ, ತಾನು ತಂದ ಉಡುಗೊರೆಯ ಪೆಟ್ಟಿಗೆಯನ್ನು ಅವುಗಳ ಮೇಲಿಟ್ಟು, ಬೆನ್ನು ತಟ್ಟಿ, ನೇರವಾಗಿ ಎರ್ನೆಸ್ಟೊನ ಮನೆಯೊಳಗೆ ಹೋದ. ಹಿಂದೆ ಬಂದವರೂ ಹಾಗೇ ಮಾಡಿದರು. ಏಳು ಪೆಟ್ಟಿಗೆ ಹೊತ್ತು ಮೂಗು ಮಾತ್ರ ಕಾಣುವಂತೆ ಉಮಾಕಾಂತ ಒಳಗೆ ಬಂದ.

‘ಉಡುಗೊರೆ ನಮ್ಮನೆಗೆ, ಜನ ಅವರ ಮನೆಗಾ?’ ಎಂದಳು ಇಂದಿರಾ.

ಅಷ್ಟರಲ್ಲಿ ಎರ್ನೆಸ್ಟೊ ಧಾವಿಸಿ ಬಂದ. ‘ಎಲ್ಲಿದೀರಿ ನೀವು? ನಿಮ್ಮ ಮನೇಲಿ ಎಲ್ಲರೂ ಕಾಯ್ತಿದಾರೆ!’

‘ನಾನು ನಮ್ಮ ಮನೇಲೇ ಇದೀನಲ್ಲ.’

‘ಇಲ್ಲ, ನಿಮ್ಮ ಮನೇಲಿ!’ ಎಂದು ಅವನು ಬೆರಳು ಮಾಡಿದ್ದು ತನ್ನ ಮನೆಯ ಕಡೆಗೆ.

ಆಗ ಗುಟ್ಟು ಬಯಲಾಯಿತು. ಅವನ ಊರಲ್ಲಿ ಅತಿಥಿಯನ್ನು ಕರೆಯುವಾಗ ‘ನಮ್ಮ ಮನೆ’ ಅನ್ನುವುದಿಲ್ಲವಂತೆ. ತನ್ನ ಮನೆಯನ್ನೇ ‘ನಿಮ್ಮ ಮನೆ’ ಅನ್ನುವುದು ಮರ್ಯಾದೆ. ಮೂರು ಗಂಟೆ ಅಂದರೆ ನಾಲ್ಕೂವರೆಗೆ ಬರುವುದೂ ಅಲ್ಲಿ ವಾಡಿಕೆಯಂತೆ. ಹೇಳುತ್ತಾ ಹೇಳುತ್ತಾ ಎರ್ನೆಸ್ಟೊ ಹೊಟ್ಟೆ ಹಿಡಿದು ನಕ್ಕ. ಆಮೇಲೆ ಹಿತ್ತಲಿನ ಕಡೆ ನೋಡಿದ. ಸಾಲಾಗಿಟ್ಟ ಕುರ್ಚಿಗಳು, ಬಲೂನು, ಕೊಳಗ, ಗೋಡೆಯ ಮೇಲೆ ಕೃತಿಯ ಅಕ್ಷರದಲ್ಲಿ ವಲೇರಿಯಾಳ ಹೆಸರು. ಅವನ ನಗು ನಿಂತಿತು.

‘ಇದೆಲ್ಲ ನನ್ನ ಮಗಳಿಗಾಗಿ ಮಾಡಿದ್ರಾ?’ ಎಂದವನು ಉಮಾಕಾಂತನನ್ನು ಎಲುಬು ಲಟಕ್ಕೆನ್ನುವಷ್ಟು ಜೋರಾಗಿ ತಬ್ಬಿಕೊಂಡ.

ಐದೇ ನಿಮಿಷದಲ್ಲಿ ಕೊಳಗ, ಕುರ್ಚಿ, ಉಡುಗೊರೆ ಎಲ್ಲ ಪಕ್ಕದ ಹಿತ್ತಲಿಗೆ ಹೊರಟವು. ಅಲ್ಲಿ ಮರಕ್ಕೆ ಬಣ್ಣದ ಕಾಗದದ ನಕ್ಷತ್ರವೊಂದನ್ನು ನೇತುಹಾಕಿದ್ದರು, ಒಳಗೆಲ್ಲ ಮಿಠಾಯಿ. ಮಕ್ಕಳು ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಕೋಲಿನಿಂದ ಹೊಡೆಯುತ್ತಿದ್ದರು. ‘ಥೇಟ್ ನಮ್ಮ ಮಡಕೆ ಒಡೆಯೋ ಆಟ!’ ಎಂದಳು ಇಂದಿರಾ. ದೊಡ್ಡವರ ಸರದಿಯಲ್ಲಿ ಕೋಲು ಹಿಡಿದ ಉಮಾಕಾಂತ ನಾಲ್ಕು ಸಲ ಗಾಳಿಗೆ, ಐದನೆಯ ಸಲ ಬಟ್ಟೆ ಒಣಗಿಸುವ ಕಂಬಕ್ಕೆ ಬಾರಿಸಿದ.

ಕೇಕ್ ಬಂತು. ಎಲ್ಲರೂ ‘ಮೊರ್ದೀದಾ, ಮೊರ್ದೀದಾ’, ಅಂದರೆ ಕಚ್ಚು, ಕಚ್ಚು ಎಂದು ಕೂಗತೊಡಗಿದರು. ವಲೇರಿಯಾ ಕೈ ಹಿಂದೆ ಕಟ್ಟಿಕೊಂಡು ಕೇಕನ್ನು ಕಚ್ಚಲು ಬಗ್ಗಿದ್ದೇ ತಡ, ಅಜ್ಜಿ ಎಲ್ವಿರಾ ಅವಳ ತಲೆ ಹಿಡಿದು ಕೇಕಿನೊಳಗೆ ಅದುಮಿದಳು.

‘ಅಯ್ಯಯ್ಯೋ ಮಗು!’ ಇಂದಿರಾ ಸೆರಗಿನ ತುದಿ ಹಿಡಿದು ಓಡಿದಳು. ವಲೇರಿಯಾ ಕ್ರೀಮಿನ ಮುಖ ಎತ್ತಿ ಕಿಲಕಿಲ ನಕ್ಕಳು. ಇಂದಿರಾ ಒರೆಸಿದ ಕೂಡಲೇ ಅಜ್ಜಿ ಒಂದಿಷ್ಟು ಕ್ರೀಮು ತೆಗೆದು ಇಂದಿರಾಳ ಕೆನ್ನೆಗೂ ಬಳಿದಳು, ಥೇಟ್ ಅರಿಶಿನ ಹಚ್ಚುವ ಹಾಗೆ. ಬಿಸಿಬೇಳೆಬಾತನ್ನು ರೊಟ್ಟಿಯೊಳಗೆ ಸುತ್ತಿ, ಮೇಲೆ ಹಸಿರು ಚಟ್ನಿ ಹಾಕಿ, ಅಜ್ಜಿ ಮೂರು ಸಲ ತಿಂದಳು.

ಆರು ಗಂಟೆಗೆ ‘ಹೊರಡ್ತೀವಿ’ ಎಂದು ಎದ್ದರು. ಎಲ್ವಿರಾ ಕೂರಿಸಿ ಕಾಫಿ ಕೊಟ್ಟಳು. ಆರೂವರೆಗೆ ಎದ್ದರು, ಅನ್ನದ ಪಾಯಸ ಬಂತು. ಏಳಕ್ಕೆ ಎದ್ದವರು ಪ್ರತಿಯೊಬ್ಬರನ್ನೂ ತಬ್ಬಿ, ಕೆನ್ನೆಗೆ ಕೆನ್ನೆ ತಾಗಿಸಿ ಬೀಳ್ಕೊಳ್ಳಬೇಕಾಯಿತು. ಇಂದಿರಾ ಒಂದೊಂದು ಕೆನ್ನೆಗೂ ‘ಬರ್ತೀವಿ, ಬರ್ತೀವಿ’ ಎಂದು ಕನ್ನಡದಲ್ಲೇ ಹೇಳಿದಳು. ಯಾರಿಗೂ ಅರ್ಥವಾಗದಿದ್ದರೂ ಎಲ್ಲರೂ ಹೂಂಗುಟ್ಟಿದರು.

ಮನೆಯ ಮೆಟ್ಟಿಲ ಮೇಲೆ ಕೃತಿ ತಾಯಿಯ ಕೈ ಎಳೆದಳು. ‘ಅಮ್ಮಾ, ನನ್ನ ಬರ್ತ್‌ಡೇಗೆ ಕ್ಯಾನ್ ಯು ಪುಶ್ ಮೈ ಫೇಸ್ ಟೂ?’

‘ನೋಡೋಣ’ ಎಂದಳು ಇಂದಿರಾ. ‘ಮೊದ್ಲು ಹೋಗಿ ಕಾಲು ತೊಳ್ಕೊ.’