ಹಣೆ ನೋಡಿ ಉಣಿಸಿದ ಗೌರವ್ವ

ಅನಗೋಳದ ನಮ್ಮ ಓಣಿಯಲ್ಲಿ ಗುರುಪುತ್ರಪ್ಪನವರ ಮನೆ ಯಾವುದೆಂದು ಯಾರೂ ಕೇಳುತ್ತಿರಲಿಲ್ಲ. ಬೆಳಿಗ್ಗೆ ರೊಟ್ಟಿ ಬಡಿಯುವ ಸದ್ದು ಯಾವ ಮನೆಯಿಂದ ನಿಲ್ಲದೆ ಬರುತ್ತದೋ ಅದೇ ಅವರ ಮನೆ. ನಾಲ್ಕು ಗಂಡುಮಕ್ಕಳು; ನಾಲ್ವರೂ ಆಟೋ ನಗರದ ಸ್ವಂತ ಗ್ಯಾರೇಜಿನಲ್ಲಿ ಲಾರಿಗಳ ಕೆಳಗೆ ಮಲಗಿ ದುಡಿಯುವವರು. ನಾಲ್ವರು ಸೊಸೆಯರು, ಗ್ಯಾರೇಜಿನ ಅಷ್ಟೂ ಜನರ ಬುತ್ತಿ ಕಟ್ಟುವುದರಲ್ಲಿ ಅವರಿಗೆ ಮಂಚದ ಮೇಲೆ ಮಲಗಲೂ ಪುರುಸೊತ್ತಿರಲಿಲ್ಲ. ಏಳು ಮೊಮ್ಮಕ್ಕಳು, ಏಳೂ ಒಂದೇ ಗಳಿಗೆಗೆ ಹಸಿಯುತ್ತಿದ್ದವು. ಅತ್ತೆ ತೀರಿಹೋಗಿದ್ದರಿಂದ ಅಡುಗೆಮನೆಯ ಸೌಟು ಹಿರಿಸೊಸೆ ಗೌರವ್ವನ ಕೈಯಲ್ಲಿತ್ತು. ಆ ಮನೆಯಲ್ಲಿ ಗುರುಪುತ್ರಪ್ಪನವರದು ಮಾತು, ಗೌರವ್ವನದು ಸೌಟು. ಮಾತು ಮೀರಿದವರು ಇದ್ದರು, ಸೌಟು ಮೀರಿದವರು ಇರಲಿಲ್ಲ.

ಗೌರವ್ವನ ತವರು ಧೋ ಎಂದು ಮಳೆ ಸುರಿಯುವ ಜಾಂಬೋಟಿ ಕಾಡಿನ ಕಡೆ. ಎಪ್ಪತ್ತೆರಡರಲ್ಲಿ ಮದುವೆಯಾಗಿ ಬಂದಾಗ ಬೆಳಗಾವಿಯ ಮಳೆ ನೋಡಿ, "ಇದು ಮಳೀನೋ, ಮ್ಯಾಲ ಯಾರರೆ ಸೀನಾಕತ್ತಾರೋ?" ಎಂದು ಕೇಳಿದ್ದಳಂತೆ. ಅನ್ನದ ಸೀಮೆಯಿಂದ ರೊಟ್ಟಿಯ ಮನೆಗೆ ಬಂದವಳು ರೊಟ್ಟಿಯೊಡನೆ ಬೇಗ ರಾಜಿಯಾದಳು. ಸಣ್ಣ ಮಕ್ಕಳ ವಿಷಯದಲ್ಲಿ ಮಾತ್ರ ಯಾರೊಡನೆಯೂ ರಾಜಿಯಾಗಲಿಲ್ಲ. ಹಲ್ಲು ಬರದ ಕೂಸಿಗೆ ಅಕ್ಕಿ ನುಚ್ಚಿನ ಗಂಜಿ, ಹೆಸರುಬೇಳೆಯ ಕಟ್ಟು. ಹಲ್ಲು ಬಂದವರಿಗೆ ಮುಟಗಿ. ಎಂದರೆ ಬಿಸಿ ರೊಟ್ಟಿಗೆ ಬೆಲ್ಲ ತುಪ್ಪ ಹಾಕಿ ಕುಟ್ಟಿ ಕಟ್ಟಿದ ಉಂಡೆ. ಮೇಲೊಂದು ಲೋಟ ಹಾಲು. ಚಹಾ ಕೂಡದೆಂದರೆ ಕೂಡದು. ಓಣಿಯ ಉಳಿದ ಮನೆಗಳಲ್ಲಿ ತೊಟ್ಟಿಲ ಕೂಸಿಗೂ ಕಪ್ಪಿನಿಂದ ಬಶಿಗೆ ಸುರಿದು ಊದಿ ಊದಿ ಚಹಾ ಕುಡಿಸುತ್ತಿದ್ದ ಕಾಲ ಅದು. ಬಾಜೂ ಮನೆಯ ಮದರಬೀ ಒಮ್ಮೆ ಪ್ರೀತಿಯಿಂದ ಒಂದು ಕೂಸಿನ ಬಾಯಿಗೆ ಬಶಿ ಹಿಡಿದಾಗ ಗೌರವ್ವ ಅದನ್ನು ಕಸಿದುಕೊಂಡು ತಾನೇ ಕುಡಿದುಬಿಟ್ಟಳು.

"ಕೂಸಿನ ಹೊಟ್ಟಿ ಸುಡೂದಕಿಂತ ನಂದ ಸುಡ್ಲಿ ಬಿಡ ಮದರಬೀ. ಸಕ್ರಿ ಒಂದೀಟ ಕಮ್ಮಿ ಆಗೇತಿ ನೋಡು."

ಆ ಮನೆಯಲ್ಲಿ ಇನ್ನೊಂದು ಕಟ್ಟಳೆ ಇತ್ತು. ಯಾವ ತಾಯಿಯೂ ತನ್ನ ಮಗುವಿಗೆ ತಾನೇ ಉಣಿಸಬಾರದು. ಉಣಿಸಿದರೆ ತುಪ್ಪದ ಚಮಚ ಒಂದು ಕಡೆ ವಾಲುತ್ತದೆ ಎಂಬುದು ತೀರಿಹೋದ ಅತ್ತೆಯ ಅನುಮಾನ. ಅತ್ತೆ ಹೋದರೂ ಅನುಮಾನ ಹೋಗಿರಲಿಲ್ಲ. ಹಾಗಾಗಿ ಯಾರ ಕೈ ಬಿಡುವಾಗಿದೆಯೋ ಅವರು ಪಡಸಾಲೆಗೆ ಬಂದು, ಕಣ್ಣಿಗೆ ಬಿದ್ದ ಮಗುವಿಗೆ ಉಣಿಸಿ, ಮತ್ತೆ ಒಲೆಯ ಮುಂದೆ ಓಡುವುದು. ನ್ಯಾಯವೇನೋ ನ್ಯಾಯವೇ. ಆದರೆ ಯಾರು ಉಂಡರು, ಯಾರು ಉಣ್ಣಲಿಲ್ಲ ಎಂಬುದು ದೇವರಿಗೂ ತಿಳಿಯುತ್ತಿರಲಿಲ್ಲ. ಗೌರವ್ವನ ಸ್ವಂತ ಮಗ ದುಂಡಪ್ಪನಂತೂ ಮೂವರು ಚಿಗವ್ವಂದಿರ ಕೈಯಲ್ಲಿ ಮೂರು ಸಲ ಉಂಡು, ಅವ್ವನ ಮುಂದೆ ಹೊಟ್ಟೆ ಒಳಗೆಳೆದುಕೊಂಡು ಬಂದು ನಿಲ್ಲುತ್ತಿದ್ದ.

ಇದಕ್ಕೆ ಗೌರವ್ವ ಕಂಡುಹಿಡಿದ ಉಪಾಯ ವಿಭೂತಿ. ಉಂಡು ಬಾಯಿ ತೊಳೆದ ಮಗುವಿನ ಹಣೆಗೆ ಉಣಿಸಿದವರೇ ಮೂರು ಬೆರಳು ಎಳೆಯಬೇಕು. ಹಣೆ ಬೆಳ್ಳಗಿದ್ದರೆ ಹೊಟ್ಟೆ ತುಂಬಿದೆ. ಹಣೆ ಬರಿದಾದರೆ ಹೊಟ್ಟೆಯೂ ಬರಿದು. ಮುಂದಿನ ಹೊತ್ತಿಗೆ ಮುಖ ತೊಳೆಸಿದರೆ ಲೆಕ್ಕ ಮತ್ತೆ ಮೊದಲಿನಿಂದ. ನಮ್ಮ ಕಾನ್ವೆಂಟಿನ ಸಿಸ್ಟರುಗಳು ಊಟಕ್ಕೆ ಮೊದಲು ನಮ್ಮಿಂದ ದೇವರಿಗೆ ಅರ್ಜಿ ಹಾಕಿಸುತ್ತಿದ್ದರು. ಗೌರವ್ವನದು ಊಟವಾದ ಮೇಲಿನ ರಸೀದಿ. ಗುಟ್ಟು ಗೊತ್ತಿದ್ದದ್ದು ನಾಲ್ವರು ಸೊಸೆಯರಿಗೆ ಮಾತ್ರ. ಎರಡು ಹೊತ್ತೂ ಲಿಂಗಪೂಜೆ ತಪ್ಪಿಸದ ಗುರುಪುತ್ರಪ್ಪನವರು ಇದನ್ನು ಭಕ್ತಿಯೆಂದೇ ತಿಳಿದು ಹಿಗ್ಗಿದರು. "ನಮ್ಮ ಹಿರೀ ಸೊಸಿ ಬಂದ ಮ್ಯಾಲ ಮನ್ಯಾಗ ಒಂದ ಕೂಸಿನ ಹಣೀನೂ ಖಾಲಿ ಇರಾಂಗಿಲ್ಲ ನೋಡ್ರಿ" ಎಂದು ಮಠದಲ್ಲಿ ಹೇಳಿಕೊಂಡರು. ಸೊಸೆಯ ಕೀರ್ತಿ ಖಾನಾಪುರದ ಬೀಗರ ಮನೆಯವರೆಗೂ ಹಬ್ಬಿತು. ಅದು ಭಕ್ತಿಯಲ್ಲ, ಹಾಜರಿ ಎಂದು ಗೌರವ್ವ ಯಾರನ್ನೂ ತಿದ್ದಲು ಹೋಗಲಿಲ್ಲ. ಪುಕ್ಕಟೆ ಬಂದ ಪುಣ್ಯವನ್ನು ಯಾರು ತಾನೆ ಬೇಡವೆಂದಾರು? ಹೀಗೆ ಆ ಮಕ್ಕಳ ಹಣೆಬರಹವನ್ನು ವರ್ಷಗಟ್ಟಲೆ ಆಕೆಯೇ ಬರೆದಳು.

ಎಂಬತ್ತಮೂರರಲ್ಲಿ ಕಿರಿಸೊಸೆ ಕಾಂತಾಳ ಮಗ ಸಿದರಾಯ ಸೊರಗತೊಡಗಿದ. ಮೂರು ದಾಟಿದ ಕೂಸು. ಅಳುವುದಿಲ್ಲ, ಬೇಡುವುದಿಲ್ಲ. ಮನೆಯಲ್ಲಿ ಎಲ್ಲರಿಗಿಂತ ಮೊದಲೇ ಎದ್ದು ಅಜ್ಜನ ಪಕ್ಕದಲ್ಲಿ ಗಪ್ಪಗೆ ಕುಳಿತು ಪೂಜೆ ನೋಡುವ, ಕೂರಿಸಿದಲ್ಲಿ ಕೂರುವ ಹುಡುಗ. ಅವನ ಕೈಕಾಲು ಊದಿನಕಡ್ಡಿಯಂತಾದವು. ಪಕ್ಕದಲ್ಲೇ ದುಂಡಪ್ಪ ತನ್ನ ಹೆಸರಿಗೆ ಒಂದಿಷ್ಟೂ ಮೋಸ ಮಾಡದೆ ಉರುಳಾಡುತ್ತಿದ್ದ.

ಮಾಡದ ಉಪಚಾರವಿಲ್ಲ. ದೃಷ್ಟಿ ತೆಗೆದರು. ಜಂತಿನ ಔಷಧ ಕುಡಿಸಿದರು. ಮದರಬೀ ದರ್ಗಾದಿಂದ ತಾಯಿತ ತಂದು ತೋಳಿಗೆ ಕಟ್ಟಿದಳು. ಅದು ತೋಳಿನಲ್ಲಿ ನಿಲ್ಲದೆ ಮೊಣಕೈಗೆ ಜಾರಿತು. ಪೇಟೆಯ ಡಾಕ್ಟರೊಬ್ಬರು ಹುಡುಗನನ್ನು ಮುಂದೆ ಹಿಂದೆ ತಿರುಗಿಸಿ ನೋಡಿ, "ಇವನಿಗೆ ರೋಗ ಇಲ್ಲ. ಊಟ ಹಾಕ್ರಿ" ಎಂದರು. ಮನೆಗೆ ಮನೆಯೇ ಉರಿದೆದ್ದಿತು. "ಗ್ಯಾರೇಜಿಗೆ ಗ್ಯಾರೇಜ ಉಣ್ಣೂ ಮನಿಗೆ ಊಟ ಹಾಕ್ರಿ ಅಂತಾನ! ಇವ ಎಂಥಾ ಡಾಕ್ಟರ?" ಎಂದು ಡಾಕ್ಟರನ್ನೇ ಬದಲಿಸಿದರು. ಹೊಸ ಡಾಕ್ಟರು ಕೆಂಪನೆಯ ಟಾನಿಕ್ಕು ಬರೆದುಕೊಟ್ಟದ್ದರಿಂದ ಅವರ ಓದಿನ ಮೇಲೆ ಎಲ್ಲರಿಗೂ ವಿಶ್ವಾಸ ಬಂತು. ಟಾನಿಕ್ಕು ಹಸಿವು ಹೆಚ್ಚಿಸುವಂಥದು. ಪಾಪ, ಅದು ತನ್ನ ಕೆಲಸ ಮಾಡಿತು.

ಓಣಿಗೆ ಬೇರೆಯೇ ಕಾಯಿಲೆ ಕಾಣಿಸಿತ್ತು. ಸೌಟು ಯಾರ ಕೈಯಲ್ಲಿದೆ? ದುಂಡಗಿರುವವನು ಯಾರ ಮಗ? ಕಡ್ಡಿಯಾದವನು ಯಾರ ಮಗ? ನಳದ ಮುಂದೆ ಕೊಡ ತುಂಬುವಷ್ಟರಲ್ಲಿ ಈ ಲೆಕ್ಕ ಮುಗಿಯುತ್ತಿತ್ತು. ಒಂದು ಬೆಳಿಗ್ಗೆ ಕಾಂತಾ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು. ಆ ಮನೆಯಲ್ಲಿ ಸದ್ದು ನಿಂತರೆ ಅದೇ ಸುದ್ದಿ.

"ಅಕ್ಕಾರ, ಒಂದ ಮಾತ ಕೇಳ್ತೀನಿ, ಸಿಟ್ಟಾಗಬ್ಯಾಡ್ರಿ. ದುಂಡ್ಯಾಗ ಹತ್ತೂ ತುಪ್ಪ ನನ್ನ ಮಗಗ ಯಾಕ ಹತ್ತವಲ್ದು?"

"ಏನಂತೀಯ ಕಾಂತಾ?"

"ನಾ ಏನೂ ಅನ್ನಾಂಗಿಲ್ರಿ. ಓಣಿ ಅಂತೈತಿ."

ಅಂದೇ ಆಕೆ ಮಗನನ್ನು ಕಟ್ಟಿಕೊಂಡು ಖಾನಾಪುರದ ತವರಿಗೆ ಹೋದಳು. ಗಂಡ ತಮ್ಮಣ್ಣ ಒಂದು ಸೀಮೆಎಣ್ಣೆ ಸ್ಟೋವ್ ತಂದು ಅಟ್ಟದ ಮೇಲಿಟ್ಟ. ಕೂಡಿ ಉಣ್ಣುವ ಮನೆಗೆ ಎರಡನೆಯ ಒಲೆ ಯಾಕೆ ಬರುತ್ತದೆಂದು ಎಲ್ಲರಿಗೂ ಗೊತ್ತು. ಆ ವಾರವೆಲ್ಲ ಗೌರವ್ವನ ಸಾರಿಗೆ ಉಪ್ಪಿರಲಿಲ್ಲ, ಹಾಗೆಂದು ಹೇಳುವ ಧೈರ್ಯ ಯಾರಿಗೂ ಇರಲಿಲ್ಲ. ಅಷ್ಟರಲ್ಲಿ ಖಾನಾಪುರದಿಂದ ಬಂದವರು, ಸಿದರಾಯನ ಗಲ್ಲ ತುಂಬಿಕೊಂಡಿದೆ ಎಂದು ಸುದ್ದಿ ತಂದರು. ಹುಡುಗ ಗುಣವಾದದ್ದಕ್ಕೆ ಎದೆ ಒಡೆದುಕೊಂಡವಳು ಭೂಮಿಯ ಮೇಲೆ ಗೌರವ್ವ ಒಬ್ಬಳೇ ಇರಬೇಕು. ಅಲ್ಲಿ ಉಂಡು ತುಂಬಿಕೊಂಡನೆಂದರೆ ಇಲ್ಲಿ ಉಪವಾಸ ಕೆಡವಿದವರಾರು?

"ವೈನಿ, ಸೋಮವಾರ ಸ್ಟೋವ್ ಇಳಸ್ತೀನ್ರಿ" ಎಂದ ತಮ್ಮಣ್ಣ, ನೆಲ ನೋಡುತ್ತ.

"ಇಳಸೀಯಂತ. ಅದಕ್ಕಿಂತ ಮೊದಲ ನಾ ಒಮ್ಮೆ ಆ ಹುಡುಗನ್ನ ನೋಡಿ ಬರ್ತೀನಿ" ಎಂದು ಗೌರವ್ವ ಖಾನಾಪುರದ ಬಸ್ಸು ಹತ್ತಿದಳು.

ಕಾಂತಾಳ ತಂದೆ ಬಾಳಾಸಾಹೇಬರು ಊಟ ಮೊದಲು, ಪೂಜೆ ಆಮೇಲೆ ಎನ್ನುವ ಪಂಥದವರು. ಹಸಿದ ಹೊಟ್ಟೆಯಲ್ಲಿ ಲಿಂಗ ಹಿಡಿದರೆ ಕೈ ನಡುಗುತ್ತದೆ, ಅದರಿಂದ ಲಿಂಗಕ್ಕೇ ಅಪಾಯ ಎಂಬುದು ಅವರ ವಾದ. ಆದರೆ ಹೆಸರಾಂತ ಭಕ್ತೆ ಬೆಳಗಾವಿಯಿಂದ ಮನೆಗೆ ಬಂದಿರುವಾಗ ಆ ವಾದ ನಡೆಯುತ್ತದೆಯೇ? ಮರುದಿನ ಬೆಳಿಗ್ಗೆ ಅವರು ತಣ್ಣೀರು ಸುರಿದುಕೊಂಡು, ಎಲ್ಲರಿಗೂ ಕೇಳುವಂತೆ ಪೂಜೆ ಮಾಡಿ, ಮೊಮ್ಮಗನನ್ನು ಕರೆದು ಹಣೆತುಂಬ ವಿಭೂತಿ ಬಳಿದರು. ಬಳಿದು, ಗೌರವ್ವ ನೋಡಿದಳೋ ಇಲ್ಲವೋ ಎಂದು ಓರೆಗಣ್ಣಿನಿಂದ ನೋಡಿದರು.

ಅವರ ಹೆಂಡತಿ ಸಂಗವ್ವ ಹಾಲು, ಬೆಲ್ಲ ಕಲಸಿದ ಅನ್ನದ ಬಟ್ಟಲು ತಂದಳು. "ಬಾರೋ ನಮ್ಮಪ್ಪಾ, ಉಣ್ಣು ಬಾ."

ಸಿದರಾಯ ಎದ್ದು ಹಿತ್ತಲಿನ ಕಡೆ ನಡೆದ.

"ಎಲ್ಲಿ ಹೊಂಟ್ಯೋ?"

"ಆಡಾಕ."

"ಉಣ್ಣೂದೋ?"

ಹುಡುಗ ಹಣೆ ಮುಟ್ಟಿ ತೋರಿಸಿದ. "ಅಜ್ಜ ಹಚ್ಚಿದ್ನಲ್ಲ. ಉಂಡಾತು."

"ಏನ ಉಂಡಿ?"

"ಗೊತ್ತಿಲ್ಲ" ಎಂದ.

ಗೌರವ್ವ ಹುಡುಗನ ಮುಂದೆ ಕುಳಿತು ಆ ಹಣೆಯನ್ನು ನೋಡಿದಳು. ಅನಗೋಳದ ಮನೆಯ ಬೆಳಗು ಈಗ ಮೊದಲ ಬಾರಿಗೆ ಕಣ್ಣಿಗೆ ಬಿತ್ತು. ಬೇಗ ಏಳುವ ಕೂಸು. ಪೂಜೆ ಮುಗಿಸಿದ ಮಾವ ಪ್ರೀತಿಯಿಂದ ಅದರ ಹಣೆಗೆ ಎಳೆಯುವ ಮೂರು ಗೆರೆ. ಆಮೇಲೆ ಬಟ್ಟಲು ಹಿಡಿದು ಓಡಿ ಬರುವ ಸೊಸೆಯರು. ಬೆಳ್ಳಗಿನ ಹಣೆ ಕಂಡು, ಇದು ಉಂಡೈತಿ ಎಂದು ಮುಂದಿನ ಮಗುವಿಗೆ ಹೋಗುವವರು. ಕಾಂತಾಳಿಗೂ ಹೊಳೆದಿತ್ತು.

"ಅಕ್ಕಾರ, ಮಾವಾರು ಸಂಜಿಕೂ ಪೂಜಿ ಮಾಡ್ತಾರಲ್ರಿ?"

"ಮಾಡ್ತಾರ."

"ಸಂಜಿಕೂ ಹಚ್ತಾರ?"

"ಹಚ್ತಾರವ್ವಾ."

"ಹಂಗಾರ ನನ್ನ ಮಗ ಬರೇ ಮಧ್ಯಾಹ್ನದ ಊಟದ ಮ್ಯಾಲ ಇದ್ನೇನ್ರಿ ಇಷ್ಟ ದಿನಾ? ನಾ ನಿಮಗ ಏನೇನೋ ಅಂದ್ನೆಲ್ರಿ..."

"ಅಂದದ್ದು ಖರೇನ ಐತಿ. ಉಪವಾಸ ಕೆಡವಿದಾಕಿ ನಾನ. ಬೇಕಂತ ಕೆಡವಿಲ್ಲ, ಅಷ್ಟ." ಗೌರವ್ವ ಎದ್ದು ಹುಡುಗನ ಹಣೆಯನ್ನು ಸೆರಗಿನಿಂದ ಒರೆಸಿದಳು. ಸಿದರಾಯ ಅದೇ ಕ್ಷಣ ಬಟ್ಟಲಿನ ಮುಂದೆ ಬಂದು ಕುಳಿತ. ಬಾಳಾಸಾಹೇಬರು ತಮ್ಮ ವಿಭೂತಿಯಲ್ಲಿ ಏನು ದೋಷ ಕಂಡಿತೋ ಎಂದು ಕಂಗಾಲಾದರು.

ಕಾಂತಾಳನ್ನೂ ಸಿದರಾಯನನ್ನೂ ಕರೆದುಕೊಂಡು ತಿರುಗಿ ಬರುವ ಬಸ್ಸಿನಲ್ಲಿ ಉಳಿದದ್ದು ಒಂದೇ ಪ್ರಶ್ನೆ. ಮಾವನಿಗೆ ಹೇಳುವುದು ಹೇಗೆ? ನಿಮ್ಮ ಭಕ್ತಿಯಿಂದ ನಿಮ್ಮ ಮುದ್ದಿನ ಮೊಮ್ಮಗ ಹಸಿದ ಎಂದರೆ, ಮುದುಕ ಅಂದಿನಿಂದ ತಾವೇ ಉಪವಾಸ ಕೂರುವ ಪೈಕಿ. ಹೇಳದಿದ್ದರೆ ನಾಳೆ ಮತ್ತೆ ಹಚ್ಚುತ್ತಾರೆ. ಸಾಲದ್ದಕ್ಕೆ ಸೊಸೆಯಾದವಳು ಮಾವನೊಡನೆ ನೇರವಾಗಿ ಮಾತಾಡುವಂತಿಲ್ಲ. ನಡುವೆ ಒಂದು ಬಾಗಿಲು, ಒಂದು ಸೆರಗು, ಒಬ್ಬ ದುಭಾಷಿ ಬೇಕು. ದುಭಾಷಿಯ ಕೆಲಸಕ್ಕೆ ದುಂಡಪ್ಪ ಯಾವತ್ತೂ ಸಿದ್ಧ. ಅಜ್ಜನ ಹತ್ತಿರ ಸಕ್ಕರೆ ಸಿಗುತ್ತಿತ್ತು.

ಮರುದಿನ ಬೆಳಿಗ್ಗೆ ಪೂಜೆ ಮುಗಿಯುವ ಹೊತ್ತಿಗೆ ಗೌರವ್ವ ಬಾಗಿಲ ಹಿಂದೆ ನಿಂತಳು.

"ದುಂಡ್ಯಾ, ಅಜ್ಜಾರನ್ನ ಕೇಳು. ವಿಭೂತಿ ಹಚ್ಚಿದ ಮ್ಯಾಲ ಪ್ರಸಾದ ಕೊಡೂದು ಯಾರ ಕೆಲಸ?"

"ಅಜ್ಜಾ, ಅವ್ವ ಕೇಳಾಕತ್ತಾಳ..."

"ಕೇಳಸ್ತೋ, ನಾ ಏನ ಕಿವುಡ ಇದ್ದೀನಿ? ಹಚ್ಚಿದವರ ಕೆಲಸ ಅಂತ ಹೇಳು."

"ಅವ್ವಾ, ಹಚ್ಚಿದವರ..."

"ಹಂಗಾರ ಈ ಬಟ್ಲ ಅಜ್ಜಾರ ಮುಂದ ಇಡು. ನಡುವ ದಾರ್ಯಾಗ ಬಾಯಿ ಹಾಕಬ್ಯಾಡ."

ಮುಟಗಿಯ ಬಟ್ಟಲನ್ನು ಅರ್ಥವಾಗದೆ ನೋಡಿದ ಗುರುಪುತ್ರಪ್ಪನವರು ಎಂದಿನಂತೆ ಸಿದರಾಯನ ಹಣೆಗೆ ವಿಭೂತಿ ಎಳೆದರು. ಸಿದರಾಯ ಎಂದಿನಂತೆ ಎದ್ದ.

"ಎಲ್ಲಿ ಹೊಂಟ್ಯೋ? ಪ್ರಸಾದ ತಗೋ."

"ಹಚ್ಚಿದ್ಯಲ್ಲಜ್ಜಾ. ಹಚ್ಚಿಸ್ಕೊಂಡವರಿಗೆ ಉಣ್ಣಾಕ ಕೊಡಾಂಗಿಲ್ಲ."

"ಯಾರ ಕೊಡಾಂಗಿಲ್ಲ?"

"ಯಾರೂ ಕೊಡಾಂಗಿಲ್ಲ."

ದುಭಾಷಿಗೆ ತಡೆಯಲಾಗಲಿಲ್ಲ. "ಅಳಿಸ್ಕೊಂಡ್ರ ಕೊಡ್ತಾರಜ್ಜಾ!" ಎಂದು ದುಂಡಪ್ಪ ತನ್ನ ಅಂಗಿಯ ತೋಳು ಎತ್ತಿ ತೋರಿಸಿದ. ತೋಳೆಲ್ಲ ಬೆಳ್ಳಗಿತ್ತು. ಶಾಲೆಯ ಸೀಮೆಸುಣ್ಣವೆಂದು ಎಲ್ಲರೂ ಇಷ್ಟು ದಿನ ಒಗೆದದ್ದು ಅದನ್ನೇ. ಹಣೆಗೆ ಭಸ್ಮ ಹಚ್ಚಿ ಹಚ್ಚಿ ಒಬ್ಬನನ್ನು ಒಣಗಿಸಿದ್ದರು, ಇನ್ನೊಬ್ಬನಿಗೆ ಭಸ್ಮರೋಗ ಬರಿಸಿದ್ದರು.

ಮುದುಕ ತಮ್ಮ ಮೂರು ಬೆರಳುಗಳನ್ನು ನೋಡಿಕೊಂಡರು. ಕೊನೆಗೆ ಅವರು ಕೈತೊಳೆದು, ಚಕ್ಕಳಮಕ್ಕಳ ಹಾಕಿ, ಸಿದರಾಯನನ್ನು ತೊಡೆಯ ಮೇಲೆ ಕೂರಿಸಿಕೊಂಡರು. ನಾಲ್ಕು ಗಂಡುಮಕ್ಕಳನ್ನು ಬೆಳೆಸಿದರೂ ಒಂದು ತುತ್ತನ್ನೂ ಯಾರ ಬಾಯಿಗೂ ಇಟ್ಟವರಲ್ಲ. ಮೊದಲ ತುತ್ತು ಲಾರಿ ಡ್ರೈವರನಿಗೆ ತಕ್ಕಷ್ಟು ದೊಡ್ಡದಾಯಿತು. ಎರಡನೆಯದು ಹುಡುಗನ ಮೂಗಿಗೆ ಹೋಯಿತು.

"ದುಂಡ್ಯಾ, ನಿಮ್ಮವ್ವಗ ಹೇಳು. ನಾಳಿಂದ ಎಲ್ಲಾ ಹುಡುಗೂರನ್ನೂ ಇಲ್ಲೇ ಕುಂದರಸಂತ. ಹಚ್ಚಿದವ ನಾನ, ಉಣಸಾಂವನೂ ನಾನ."

ಹಾಗೆ ಆ ಮನೆಯಲ್ಲಿ ಏಳು ಮಕ್ಕಳಿಗೆ ಉಣಿಸುವ ಕೆಲಸ ಗುರುಪುತ್ರಪ್ಪನವರ ಪಾಲಿಗೆ ಬಂತು, ಪೂಜೆ ಬಹಳ ಚಿಕ್ಕದಾಯಿತು. ದೇವರು ಕಾಯ್ತಾನ, ಇವು ಕಾಯಾಂಗಿಲ್ಲ ಎನ್ನುತ್ತಿದ್ದರು. ಗೌರವ್ವ ಹಣೆ ನೋಡುವುದನ್ನು ಬಿಟ್ಟು, ಪ್ರತಿ ಮಗುವಿನ ಅಂಗಿ ಎತ್ತಿ ಹಲಸಿನಕಾಯಿ ತಟ್ಟಿ ನೋಡುವಂತೆ ಹೊಟ್ಟೆ ತಟ್ಟಿ ನೋಡುವುದನ್ನು ಶುರುಮಾಡಿದಳು. ಈ ಹೊಸ ಕಾನೂನಿಗೆ ತೋಳಿನಲ್ಲಿ ಒರೆಸುವ ಉಪಾಯವಿರಲಿಲ್ಲ. ದೀಪಾವಳಿಯ ಹೊತ್ತಿಗೆ ದುಂಡಪ್ಪ ಹೆಸರಿನಲ್ಲಷ್ಟೇ ದುಂಡಗಿದ್ದ.

ಅದಕ್ಕೂ ಮೊದಲು ಆ ಸೋಮವಾರವೊಂದು ಬಂದಿತ್ತಲ್ಲ. ತಮ್ಮಣ್ಣ ಅಟ್ಟದಿಂದ ಸ್ಟೋವ್ ಇಳಿಸಿ ನಡುಮನೆಯಲ್ಲಿಟ್ಟು, ಮುಂದೇನು ಮಾಡುವುದೆಂದು ತಿಳಿಯದೆ ನಿಂತ. ಕಾಂತಾ ರೊಟ್ಟಿ ಬಡಿಯುತ್ತಲೇ ಹೇಳಿದಳು:

"ಅಂಗಡ್ಯಾಂವ ಅದನ್ನ ತಿರುಗಿ ತಗೋಳಾಂಗಿಲ್ಲಂತ್ರೀ ಅಕ್ಕಾರ."

ಗೌರವ್ವ ಪಡಸಾಲೆಯತ್ತ ಇಣುಕಿದಳು. ಮಾವ ಇನ್ನೂ ಮೂರನೆಯ ಮಗುವಿನ ಬಾಯಿ ತೆರೆಸುವ ಹೋರಾಟದಲ್ಲಿದ್ದರು.

"ಅಲ್ಲೇ ಹಚ್ಚಿಡು ತಮ್ಮಣ್ಣಾ. ಮಾವಾರು ಏಳನೇದ್ದಕ್ಕ ಬರೂದ್ರಾಗ ಹಾಲು ಆರಿ ಹೋಗಿರ್ತೈತಿ."