ಎದುರುಮನೆಗೊಂದು ಬೀಗದಕೈ

ನಸುಕಿನ ಆಜಾನ್ ಈಗಷ್ಟೇ ಮುಗಿದಿದೆ. ಸೆಮರಾಂಗ್‌ನ ಕಡಲ ಕಡೆಯ ಕಾರಂಗ್ ಲೆಗಿ ಓಣಿಯಲ್ಲಿ ಒಂದು ಕೈಗಾಡಿ ಗಡಗಡ ಎನ್ನುತ್ತ ಬರುತ್ತಿದೆ. ಗಾಡಿಯ ಮೇಲೆ ವೆಲ್ಡಿಂಗ್ ಯಂತ್ರ, ಸುರುಳಿ ಸುತ್ತಿದ ವೈರು, ಹಸಿರು ಬಣ್ಣ ಬಳಿದ ಒಂದು ಕಬ್ಬಿಣದ ಗೂಡು. ಗಾಡಿ ತಳ್ಳುತ್ತಿರುವವರು ತುಗಿಯೋ, ಓಣಿಗೆಲ್ಲ ‘ಪಾಕ್’, ಅಂದರೆ ಯಜಮಾನರು. ಆಗಾಗ ನಿಲ್ಲುತ್ತಾರೆ. ಯಾರದೋ ಮನೆಯ ಗೇಟಿನ ಬಳಿ ಬಗ್ಗಿ, ಅಲ್ಲಿನ ನೀರಿನ ಮೀಟರಿಗೆ ತಾವೇ ಹಿಂದೆಂದೋ ಹೊದಿಸಿದ ಗೂಡನ್ನು ಹಿಡಿದು ಅಲ್ಲಾಡಿಸುತ್ತಾರೆ. ಅಲ್ಲಾಡದಿದ್ದರೆ ‘ಹ್ಞೂಂ’ ಎಂದು ಮುಂದಕ್ಕೆ. ಅಲ್ಲಾಡಿದರೆ ಪಕ್ಕದ ಗೋಡೆಯ ಮೇಲೆ ಸೀಮೆಸುಣ್ಣದ ಒಂದು ಗೀಟು. ಸಂಜೆ ಬಂದು ಬಿಗಿ ಮಾಡಿಕೊಡುತ್ತಾರೆ. ಮಾಡಿಕೊಡಿ ಎಂದು ಯಾರೂ ಕೇಳಿರುವುದಿಲ್ಲ, ಮಾಡಿದ್ದನ್ನು ಯಾರೂ ಗಮನಿಸುವುದೂ ಇಲ್ಲ.

“ಇಲ್ಲಿ ಉಬ್ಬರ ಬಂದಾಗೆಲ್ಲ ಉಪ್ಪುನೀರು ಓಣಿಯೊಳಗೇ ಬರುತ್ತೆ. ಕಳ್ಳ ಕಬ್ಬಿಣ ಕತ್ತರಿಸೋಕೆ ಕಷ್ಟಪಡಬೇಕು, ಉಪ್ಪು ಮಾತ್ರ ಸುಮ್ನೆ ಕೂತಲ್ಲೇ ತಿಂದುಬಿಡುತ್ತೆ,” ಎನ್ನುತ್ತ ಒಂದು ಗೂಡಿನ ಬುಡದ ತುಕ್ಕನ್ನು ಉಗುರಿನಿಂದ ಕೆರೆಯುತ್ತಾರೆ.

ಮೀಟರು ಮನೆಯ ಹೊರಗೆ ಇರುವುದು ಅದನ್ನು ಓದಲು ಬರುವವನ ಅನುಕೂಲಕ್ಕೆ. ಓದುವವನಿಗೆ ಅನುಕೂಲವಾದದ್ದು ಕದಿಯುವವನಿಗೂ ಅನುಕೂಲವೇ. ಅದರ ಮೈ ಹಿತ್ತಾಳೆಯದು. ಸ್ಪ್ಯಾನರ್ ಹಿಡಿದು ತಿರುಗಿಸಿದರೆ ಕಳಚಿ ಬರುತ್ತದೆ, ಬೆಳಕು ಹರಿಯುವಷ್ಟರಲ್ಲಿ ಗುಜರಿಯವನ ತಕ್ಕಡಿ ಏರಿರುತ್ತದೆ. ಕಳ್ಳನಿಗೆ ಅದರಿಂದ ಒಂದು ಹೊತ್ತಿನ ಊಟ, ಒಂದು ಪ್ಯಾಕ್ ಸಿಗರೇಟು ಬಂದರೆ ಹೆಚ್ಚು. ಮನೆಯವರ ಗೋಳು ಮಾತ್ರ ಯಾರಿಗೂ ಬೇಡ.

ಆ ಗೋಳು ಏನೆಂದು ‘ಬು’ ವಾರ್ಸಿತಿಯನ್ನು, ಅಂದರೆ ವಾರ್ಸಿತಿ ಅಮ್ಮನನ್ನು, ಕೇಳಬೇಕು. ಗಾಡಿಯ ಮೇಲಿನ ಹಸಿರು ಗೂಡು ಅವರ ಮನೆಗೇ ಹೊರಟಿರುವುದು. ಓಣಿಯಲ್ಲಿ ಟೆಂಪೆ ಮಾಡುವವರು ಅವರೊಬ್ಬರೇ. ಸೋಯಾ ಕಾಳು ನೆನೆಸಿ, ಸಿಪ್ಪೆ ಹೋಗುವಂತೆ ತಿಕ್ಕಿ ತೊಳೆದು, ಬೇಯಿಸಿ, ಬಾಳೆಲೆಯಲ್ಲಿ ಕಟ್ಟಿ ಹುದುಗಲು ಬಿಡುವ ಕೆಲಸ. ಮೊದಲಿಂದ ಕೊನೆಯವರೆಗೂ ನೀರೇ ನೀರು. ಕಳೆದ ತಿಂಗಳು ಒಂದು ನಸುಕಿನಲ್ಲಿ ಅವರ ಮೀಟರು ಹೋಯಿತು.

“ಎದ್ದು ಬಂದು ನೋಡ್ತೀನಿ, ಗೇಟಿನ ಹತ್ರ ಕಾರಂಜಿ! ತಲೆವಸ್ತ್ರ ಕಿತ್ತು ಪೈಪಿನ ಬಾಯಿಗೆ ತುರುಕಿದೆ. ನೆಂದ ಕೋಳಿ ಥರ ನಿಂತಿದ್ದೆ. ನಗೋಕೂ ಆಗ್ಲಿಲ್ಲ, ಅಳೋಕೂ ಆಗ್ಲಿಲ್ಲ,” ಎಂದು ವಾರ್ಸಿತಿ ಕೈ ತಿರುವುತ್ತಾರೆ.

ಅಂದಿನಿಂದ ಅವರದು ಗಾಡಿಯವರು ಮಾರುವ ನೀರು. ಉಪ್ಪುಪ್ಪು, ಹಳದಿ ಬಣ್ಣ. ಅದರಲ್ಲಿ ಮಾಡಿದ ಟೆಂಪೆ ಹಳಸಿಹೋಯಿತು. ಬೆಳಿಗ್ಗೆ ಬಾಗಿಲಿಗೆ ಬರುತ್ತಿದ್ದ ಗಿರಾಕಿಗಳು ಒಬ್ಬೊಬ್ಬರಾಗಿ ಪೇಟೆಯ ದಾರಿ ಹಿಡಿದರು. ನಿನ್ನೆ ಸಂಜೆ ನೀರಿನ ಕಚೇರಿಯವರು ಹೊಸ ಮೀಟರು ಕೂರಿಸಿ, ಇದೂ ಹೋದರೆ ಮತ್ತೆ ಸಾಲಿನ ಕೊನೆಯಲ್ಲಿ ನಿಲ್ಲಬೇಕು ಎಂದು ಹೇಳಿ ಹೋಗಿದ್ದಾರೆ. ಇರುಳಿಡೀ ವಾರ್ಸಿತಿ ಮೀಟರಿನ ಪಕ್ಕ ಚಾಪೆ ಹಾಸಿಕೊಂಡು ಕೂತಿದ್ದಾರೆ. ಕಣ್ಣು ಕೆಂಡದಂತಾಗಿದೆ.

“ಇನ್ನೊಂದು ಸಲ ಹೋದ್ರೆ ಟೆಂಪೆ ಬಿಟ್ಟು ಅವರಿವರ ಬಟ್ಟೆ ಒಗೀಬೇಕು ಪಾಕ್. ಅಯ್ಯೋ, ಅದಕ್ಕೂ ನೀರು ಬೇಕಲ್ಲ!” ಎಂದು ಅವರೇ ನಗುತ್ತಾರೆ. ನಗು ಬೇಗ ನಿಂತುಹೋಗುತ್ತದೆ.

ತುಗಿಯೋ ಮಂಡಿಯೂರುತ್ತಾರೆ. ಗೂಡನ್ನು ಮೀಟರಿನ ಮೇಲೆ ಇಳಿಸಿ, ನಾಲ್ಕು ಕಾಲುಗಳನ್ನು ಕಾಂಕ್ರೀಟಿಗೆ ಬಿಗಿದು, ಬೋಲ್ಟಿನ ತಲೆಗಳನ್ನು ವೆಲ್ಡ್ ಮಾಡಿ ಮುಚ್ಚುತ್ತಾರೆ. ಮೇಲುಗಡೆ ಅಂಗೈಯಗಲದ ಕಿಂಡಿ, ಅಂಕಿ ಓದಲು. ಮುಂದುಗಡೆ ಪುಟ್ಟ ಬಾಗಿಲು. ಬೀಗ ನೇತಾಡುವ ಕಡೆ ದಪ್ಪ ತಗಡಿನ ಒಂದು ತೊಪ್ಪಿಗೆ. ಬೀಗ ಅದರೊಳಗೆ ಅಡಗಿ ಕೂರುವುದರಿಂದ ಕತ್ತರಿಯ ಬಾಯಿ ಒಳಗೆ ಹೋಗುವುದಿಲ್ಲ.

ಮೊದಲು ಈ ಬಾಗಿಲೇ ಇರಲಿಲ್ಲವಂತೆ. ಕಿಟಕಿ ಸರಳು, ಗೇಟು ಮಾಡಿಕೊಂಡಿದ್ದ ತುಗಿಯೋ ಮೊದಲ ಗೂಡು ಮಾಡಿದ್ದು ಓಣಿಯ ತುದಿಯ ಕಾರ್ಸಿ ಅಜ್ಜಿಗಾಗಿ. ಕಳ್ಳನ ಅಪ್ಪ ಬಂದರೂ ಬಿಚ್ಚಬಾರದು ಎಂದು ಸುತ್ತಲೂ ವೆಲ್ಡ್ ಮಾಡಿ ಮುಚ್ಚಿಬಿಟ್ಟರು. ಒಂದು ದಿನ ಗೂಡಿನೊಳಗೇ ಪೈಪು ಒಡೆಯಿತು. ನೀರು ನಿಲ್ಲಿಸುವ ವಾಲ್ವೂ ಗೂಡಿನೊಳಗೇ. ತುಗಿಯೋ ಅಂದು ಊರಾಚೆ ಕೆಲಸಕ್ಕೆ ಹೋಗಿದ್ದರು. ಓಣಿಯವರೆಲ್ಲ ಸುತ್ತ ನಿಂತು ನೋಡುತ್ತಿದ್ದಂತೆ ನೀರು ಮನೆಯೊಳಗೆ ನುಗ್ಗಿ ಅಜ್ಜಿಯ ಹಾಸಿಗೆ, ಅಕ್ಕಿ ಎಲ್ಲ ತೊಯ್ದುಹೋಯಿತು.

“ಅಜ್ಜಿ ನನ್ನ ಬೈಲಿಲ್ಲ. ‘ಕಳ್ಳನಾದ್ರೂ ಮೀಟರೊಂದೇ ಒಯ್ತಿದ್ದ ಕಣಪ್ಪಾ’ ಅಂದ್ರು ಅಷ್ಟೆ. ಬೈದಿದ್ರೆ ಚೆನ್ನಾಗಿತ್ತು,” ಎನ್ನುವಾಗ ಅವರ ದನಿ ಇಂದಿಗೂ ಕುಗ್ಗುತ್ತದೆ.

ಅಲ್ಲಿಂದ ಬಂತು ಬಾಗಿಲು, ಬೀಗ. ಅದರ ಜತೆಗೆ ತುಗಿಯೋ ಅವರ ಒಂದು ಹಟವೂ ಬಂತು. ಪ್ರತಿ ಬೀಗಕ್ಕೂ ಎರಡು ಕೀಲಿಕೈ. ಒಂದು ಮನೆಯವರಿಗೆ, ಇನ್ನೊಂದು ಎದುರುಮನೆಯವರಿಗೆ. ಎದುರುಮನೆಯವರು ತಾವಾಗಿ ಬಂದು ಕೈಯೊಡ್ಡಿ ತಗೊಳ್ಳುವವರೆಗೂ ಅವರು ಬೀಗ ಹಾಕುವುದಿಲ್ಲ. ಜಪ್ಪಯ್ಯ ಎಂದರೂ ಇಲ್ಲ.

ಇವತ್ತು ಪೇಚಿಗಿಟ್ಟುಕೊಂಡಿರುವುದು ಅಲ್ಲೇ. ವಾರ್ಸಿತಿಯ ಎದುರುಮನೆ ಬು ಜುಮಿನ್ತೆನ್ ಅವರದು. ಇಬ್ಬರಿಗೂ ಮಾತು ನಿಂತು ವರ್ಷವಾಯಿತು. ಜುಮಿನ್ತೆನ್ ಮಗಳ ಮದುವೆಗೆ ಓಣಿಯ ಹೆಂಗಸರೆಲ್ಲ ಸೇರಿ ಅಡುಗೆ ಮಾಡಿದರು, ಆದರೆ ಟೆಂಪೆ ಮಾತ್ರ ಪೇಟೆಯಿಂದ ಬಂತು. ಎದುರಿಗೇ ಟೆಂಪೆಯವಳಿರುವಾಗ! ವಾರ್ಸಿತಿ ಹೆಚ್ಚಿದ ಈರುಳ್ಳಿಯನ್ನು ಅಲ್ಲೇ ಬಿಟ್ಟು ಎದ್ದು ಬಂದವರು, ಮತ್ತೆ ಆ ಹೊಸಿಲು ತುಳಿದಿಲ್ಲ.

“ಪಕ್ಕದ ಮನೆಗೆ ಕೊಡಿ ಪಾಕ್, ಏನೀಗ? ಅವರೂ ಒಳ್ಳೇವ್ರೇ.”

“ಪಕ್ಕದ ಮನೆಯವರಿಗೆ ನಿಮ್ಮ ಗೋಡೆ ಕಾಣುತ್ತೆ. ಮೀಟರ್ ಕಾಣೋದು ಎದುರುಮನೆಯವರಿಗೇ.”

“ಅವಳ ಮನೆ ಬಾಗಿಲಿಗೆ ನಾನಂತೂ ಹೋಗಲ್ಲ.”

“ನೀವು ಹೋಗ್ಬೇಡಿ. ಅವರೇ ಬರಲಿ.”

“ಬರದಿದ್ರೆ?”

“ಬೀಗ ಇಲ್ಲ. ಚಾಪೆ ಹಾಸ್ಕೊಳ್ಳಿ.”

“ನಿಮ್ಮ ಮೀಟರಿಗೆ ಗೂಡೇ ಇಲ್ಲ, ನಮಗೆ ಹೇಳೋಕೆ ಬಂದ್ರು!” ಎಂದು ವಾರ್ಸಿತಿ ಸಿಡುಕುತ್ತಾರೆ. ಮಾತು ಸುಳ್ಳಲ್ಲ. ನಾಲ್ಕು ಮನೆ ಆಚೆಗಿರುವ ತುಗಿಯೋ ಅವರ ಮೀಟರಿನ ಮೇಲೆ ಬೋರಲು ಹಾಕಿದ ಒಂದು ಒಡಕು ಬಕೆಟ್ಟಿದೆ, ಅಷ್ಟೆ. ಅವರ ಎದುರುಮನೆಯ ನೆಲ ಉಬ್ಬರದ ನೀರಿಗೆ ಕುಸಿದು, ಅಲ್ಲಿದ್ದವರು ಬಿಟ್ಟುಹೋಗಿದ್ದಾರೆ. ಹೆಂಡತಿ ಸುಮಿಯೆಮ್ ನಸುಕಿಗೇ ಮೀನು ಹರಾಜಿನ ಕಟ್ಟೆಗೆ ಹೋದರೆ ಬರುವುದು ಮಧ್ಯಾಹ್ನ. ಮೀಟರು ನೋಡುವ ಕಣ್ಣೇ ಇಲ್ಲದ ಮೇಲೆ ಬೀಗದಕೈ ಯಾರಿಗೆ ಕೊಡುವುದು? ಹಾಗಾಗಿ ತುಗಿಯೋ ತಮಗಾಗಿ ಮಾಡಿಕೊಂಡ ಗೂಡು ಮನೆಯ ಗೋಡೆಗೆ ಒರಗಿ ನಿಂತಿದೆ. ಸುಮಿಯೆಮ್ ಅದರ ಮೇಲೆ ಒರೆಸುವ ಬಟ್ಟೆ ಒಣಗಿಸುತ್ತಾರೆ.

ತುಗಿಯೋ ಗಾಡಿಯ ಮೇಲೆ ಕೂತು ಲವಂಗದ ಸಿಗರೇಟು ಹಚ್ಚುತ್ತಾರೆ. ಬೀಗ ಅವರ ತೊಡೆಯ ಮೇಲಿದೆ. ವಾರ್ಸಿತಿ ಬೆನ್ನು ತಿರುಗಿಸಿ ನಿಂತಿದ್ದಾರೆ. ಎದುರುಮನೆಯ ಪರದೆ ಒಮ್ಮೆ ಸರಿಯುತ್ತದೆ, ಮತ್ತೆ ಮುಚ್ಚುತ್ತದೆ. ಸಿಗರೇಟು ಮುಗಿಯುವಾಗ ಬಾಗಿಲು ತೆರೆದು ಜುಮಿನ್ತೆನ್ ಹೊರಗೆ ಬರುತ್ತಾರೆ, ಕೈಯಲ್ಲಿ ಕಸಪೊರಕೆ. ಗುಡಿಸುವುದಕ್ಕೆ ಅಲ್ಲೇನೂ ಇಲ್ಲ. ಇಲ್ಲದ ಕಸವನ್ನು ಗುಡಿಸುತ್ತ ಗುಡಿಸುತ್ತ ಓಣಿ ದಾಟಿ ಗೂಡಿನವರೆಗೂ ಬಂದು ನಿಲ್ಲುತ್ತಾರೆ.

“ನಾನು ನೋಡಿದ್ದೆ ಕಣೆ,” ಎನ್ನುತ್ತಾರೆ ನೆಲ ನೋಡುತ್ತ. “ಅವತ್ತು ಗುಡಿಸ್ತಿದ್ದೆ. ನೀರಿನ ಕಚೇರಿಯವರ ಥರ ಕೇಸರಿ ಅಂಗಿ ಹಾಕ್ಕೊಂಡವನೊಬ್ಬ ಬಗ್ಗಿ ಕೂತಿದ್ದ. ಕಚೇರಿಯವನು, ನಿನ್ನ ನೀರು ಕಟ್ ಮಾಡೋಕೆ ಬಂದಿದಾನೆ ಅಂದ್ಕೊಂಡೆ. ಆಗ್ಲಿ ಬಿಡು ಅನ್ನಿಸ್ತು. ದೇವರಾಣೆ, ಕಳ್ಳ ಅಂತ ಗೊತ್ತಿರ್ಲಿಲ್ಲ.”

ವಾರ್ಸಿತಿ ಗರಕ್ಕನೆ ತಿರುಗುತ್ತಾರೆ. “ನೋಡ್ಕೊಂಡು ಸುಮ್ನಿದ್ಯಾ? ಒಂದು ಕೂಗು ಹಾಕೋಕೆ ನಿಂಗೇನಾಗಿತ್ತು?”

“ಮಾತೇ ಬಿಟ್ಟಿದ್ವಲ್ಲೇ. ಏನಂತ ಕೂಗ್ಲಿ?” ಜುಮಿನ್ತೆನ್ ಪೊರಕೆ ಹಿಡಿದೇ ಅಳುತ್ತಾರೆ. “ಆ ನೀರಿನ ಸದ್ದು ಇನ್ನೂ ಕಿವಿಯಲ್ಲಿದೆ ಕಣೆ.”

ತುಗಿಯೋ ತಮ್ಮ ಚಪ್ಪಲಿ ನೋಡುತ್ತ ಕೂತಿದ್ದಾರೆ. ವಾರ್ಸಿತಿಯ ಮುಖ ಬಿಗಿದು, ಕೆಂಪಾಗಿ, ಮೆಲ್ಲಗೆ ಸಡಿಲಾಗುತ್ತದೆ. ಅವರು ಕೇಳುವುದು ಒಂದೇ ಮಾತು.

“ಆ ಪೇಟೆ ಟೆಂಪೆ... ಚೆನ್ನಾಗಿತ್ತಾ?”

“ಥೂ! ಮರದ ಹೊಟ್ಟು ತಿಂದ ಹಾಗಿತ್ತು. ಬೀಗರೆದುರು ಮಾನ ಹೋಯ್ತು.”

“ಆಗ್ಲಿ, ಹಾಗೇ ಆಗ್ಬೇಕು ನಿಂಗೆ,” ಎನ್ನುತ್ತಾರೆ ವಾರ್ಸಿತಿ. ಅವರಿಗೂ ಕಣ್ಣೀರು ಬಂದಿದೆ.

ಜುಮಿನ್ತೆನ್ ಪೊರಕೆಯನ್ನು ಕಂಕುಳಿಗೆ ಸಿಕ್ಕಿಸಿ ಎರಡೂ ಕೈ ಒಡ್ಡುತ್ತಾರೆ. ತುಗಿಯೋ ಬೀಗದಕೈಯನ್ನು ಅವುಗಳಲ್ಲಿಡುತ್ತಾರೆ. ನಿನ್ನೆಯಿಂದ ಮುಚ್ಚಿಯೇ ಇದ್ದ ವಾಲ್ವು ತಿರುಗಿಸಿ, ಪುಟ್ಟ ಬಾಗಿಲು ಮುಚ್ಚಿ, ಬೀಗ ಒತ್ತುತ್ತಾರೆ. ಒಳಗಡೆ ನಲ್ಲಿ ಮೊದಲು ಕೆಮ್ಮಿ, ಆಮೇಲೆ ಸುರಿಯತೊಡಗುತ್ತದೆ. ವಾರ್ಸಿತಿ ಕಾಳಿನ ಪಾತ್ರೆ ಹುಡುಕಿಕೊಂಡು ಒಳಗೆ ಓಡುತ್ತಾರೆ. ಅಲ್ಲಿಂದಲೇ ಕೂಗು ಬರುತ್ತದೆ.

“ಪಾಕ್! ಇನ್ನು ನಿಮ್ಮ ಆ ಒಡಕು ಬಕೆಟ್ ತೆಗೀರಿ. ನಿಮ್ಮ ಬೀಗದಕೈ ನಾನಿಟ್ಕೋತೀನಿ.”

“ನೀನ್ಯಾಕೆ? ನಿಂಗೆ ಕಾಳು ತೊಳೆಯೋದ್ರಲ್ಲೇ ಮೈಮೇಲೆ ಎಚ್ಚರ ಇರಲ್ಲ,” ಎಂದು ಜುಮಿನ್ತೆನ್ ಹೊರಗಿನಿಂದ. “ಬೆಳಿಗ್ಗೆ ಪಾಕ್ ಮನೇವರೆಗೂ ಗುಡಿಸ್ಕೊಂಡು ಹೋಗೋಳು ನಾನು. ನಂಗೆ ಕೊಡಿ ಪಾಕ್.”

“ಹೂಂ, ನೋಡ್ಕೊಂಡು ಸುಮ್ನಿರೋಳಿಗೆ ಕೊಡ್ಬೇಕಾ?”

“ಇನ್ನು ಓಣಿಯೆಲ್ಲ ಎದ್ದು ಕೂರೋ ಹಾಗೆ ಕೂಗ್ತೀನಿ, ನೋಡ್ತಿರು!”

ಜಗಳ ಏರುತ್ತದೆ. ಅಕ್ಕಪಕ್ಕದ ಬಾಗಿಲುಗಳಲ್ಲಿ ತಲೆಗಳು ಕಾಣುತ್ತವೆ. ತುಗಿಯೋ ಇಷ್ಟು ಹೊತ್ತು ಒಮ್ಮೆಯೂ ನಗದವರು ಈಗ ನಗುತ್ತಿದ್ದಾರೆ. ಗಾಡಿಯನ್ನು ತಮ್ಮ ಮನೆಯತ್ತ ತಿರುಗಿಸುತ್ತಾರೆ. ಅಲ್ಲಿ ಗೋಡೆಗೊರಗಿದ ಗೂಡಿನ ಮೇಲಿನ ಒರೆಸುವ ಬಟ್ಟೆಯನ್ನು ಮಡಚಿ ಪಕ್ಕಕ್ಕಿಟ್ಟು, ಯಂತ್ರಕ್ಕೆ ವೈರು ಸಿಕ್ಕಿಸುತ್ತಾರೆ. ಹೊತ್ತೇರುವಷ್ಟರಲ್ಲಿ ಬಕೆಟ್ಟಿದ್ದ ಜಾಗದಲ್ಲಿ ಗೂಡು ನಿಂತಿದೆ. ಜಗಳವೂ ಅವರ ಬೆನ್ನಿಗೇ ಅಲ್ಲಿಗೆ ಬಂದಿದೆ.

ತುಗಿಯೋ ಬೀಗ ಒತ್ತಿ, ಎರಡು ಬೀಗದಕೈಗಳ ಗೊಂಚಲನ್ನು ಬಿಡಿಸಿ, ಒಬ್ಬೊಬ್ಬರಿಗೆ ಒಂದೊಂದು ಕೊಡುತ್ತಾರೆ. ಹೆಂಗಸರಿಬ್ಬರೂ ಜಗಳ ಬಿಟ್ಟು ಒಬ್ಬರ ಮುಖ ಒಬ್ಬರು ನೋಡುತ್ತಾರೆ.

“ಮತ್ತೆ ನಿಮಗೆ?”

“ನನಗ್ಯಾಕೆ ಬೇಕು?” ತುಗಿಯೋ ಒಡಕು ಬಕೆಟ್ಟನ್ನು ಗಾಡಿಗೆ ಎಸೆಯುತ್ತಾರೆ. “ಬೇಕಾದಾಗ ನಿಮ್ಮ ಬಾಗಿಲು ಬಡೀತೀನಿ. ತೆಗೀತೀರಲ್ಲ?”