ಅಂಜುಬುರುಕಿ ಇಳಿಸಿದ ಹಾಯಿ

ಬೆಳಕು ಹರಿದು ಅರ್ಧ ಗಂಟೆಯಾಗಿದೆ. ಎರಡು ಒಡಲಿನ ವಿಹಾರದೋಣಿ ಬೆನ್ನಿಗೆ ಗಾಳಿ ಹೊತ್ತು ಸಲೀಸಾಗಿ ಓಡುತ್ತಿದೆ. ಆರು ಮಂದಿ ಪ್ರಯಾಣಿಕರು ಮುಂದುಗಡೆ ಕಾಲು ಚಾಚಿ ಕಾಫಿ ಕುಡಿಯುತ್ತಿದ್ದಾರೆ. ಲೋಟದಲ್ಲಿನ ಕಾಫಿ ಅಲುಗುತ್ತಿಲ್ಲ. ಚುಕ್ಕಾಣಿ ಹಿಡಿದ ಹೆಂಗಸು ಮಾತ್ರ ಗಾಳಿಮಾಪಕದಿಂದ ಕಣ್ಣು ಕೀಳುತ್ತಿಲ್ಲ. ವಯಸ್ಸು ಐವತ್ತೊಂದು. ದೋಣಿಕಟ್ಟೆಯವರು ಅವಳಿಗೆ ಇಟ್ಟಿರುವ ಹೆಸರು ಅಂಜುಬುರುಕಿ. ಗಾಳಿ ಜೋರಾಗುವ ಮೊದಲೇ ಹಾಯಿ ಕುಗ್ಗಿಸುತ್ತಾಳೆ ಎಂಬುದು ಅವಳ ಮೇಲಿನ ಆರೋಪ. ಹಾಗೆ ಕರೆಯುವವರಲ್ಲಿ ಅರ್ಧ ಜನ ಗಾಳಿ ಎದ್ದ ದಿನ ದಡ ಬಿಟ್ಟವರೇ ಅಲ್ಲ.

ಇವತ್ತು ದೋಣಿಯ ಮಾಲೀಕರೂ ಜೊತೆಗಿದ್ದಾರೆ. ದೋಣಿ ಆಮೆಯ ಹಾಗೆ ತೆವಳುತ್ತದೆ ಎಂದು ಕಳೆದ ತಿಂಗಳು ಎರಡು ದೂರು ಬಂದಿವೆ. ಮೂರನೆಯದು ಬಂದರೆ ಚುಕ್ಕಾಣಿ ಬೇರೆಯವರ ಕೈಗೆ ಎಂದು ಹೊರಡುವ ಮುಂಚೆಯೇ ಹೇಳಿಬಿಟ್ಟಿದ್ದಾರೆ.

ಮಾಪಕ ಗಾಳಿಯ ವೇಗ ಹನ್ನೆರಡು ನಾಟ್ ಎಂದು ತೋರಿಸುತ್ತಿದೆ. ಅದನ್ನು ನಂಬಿದವರು ಕೆಟ್ಟರು. ದೋಣಿಯೇ ಎಂಟು ನಾಟ್ ವೇಗದಲ್ಲಿ ಗಾಳಿಯ ಜೊತೆ ಓಡುವಾಗ ಇಪ್ಪತ್ತರ ಗಾಳಿ ಬೆನ್ನಿಗೆ ಹನ್ನೆರಡಾಗಿ ತಟ್ಟುತ್ತದೆ. ಒಂದೇ ಒಡಲಿನ ದೋಣಿಯಾದರೆ ಹಾಯಿ ಹೆಚ್ಚಾದಾಗ ಓರೆಯಾಗಿ ಎಚ್ಚರಿಸುತ್ತದೆ. ಇದು ಓರೆಯಾಗುವುದಿಲ್ಲ.

"ಇದು ಬಾಯಿ ಸತ್ತ ದೋಣಿ," ಎನ್ನುತ್ತಾಳೆ. "ಎಷ್ಟು ಭಾರ ಬಿದ್ರೂ ಹೇಳಲ್ಲ, ಕೊನೆಗೆ ಹಾಯಿಕಂಬಾನೇ ಮುರ್ಕೊಳ್ಳುತ್ತೆ. ಲೆಕ್ಕ ನಾವೇ ಹಾಕ್ಬೇಕು."

ಆ ಲೆಕ್ಕ ಅವಳಿಗೆ ಬಿಟ್ಟಿ ಸಿಕ್ಕಿದ್ದಲ್ಲ. ಇಪ್ಪತ್ತೆರಡು ವರ್ಷದ ಹಿಂದೆ ದೋಣಿಯ ಅಡುಗೆಗೆ ಸೇರಿದವಳು, ಹಾಯಿಯ ಕೆಲಸವನ್ನು ಗಂಡನಿಂದ ಕಲಿತಳು. ಒಂಬತ್ತು ವರ್ಷದ ಹಿಂದೆ ಹೀಗೇ ಹಿತವಾದ ಹಿಂಗಾಳಿ. ಚುಕ್ಕಾಣಿ ಹಿಡಿದಿದ್ದ ಅವಳು, ಇನ್ನೈದು ನಿಮಿಷ ಇರಲಿ ಎಂದು ಹಾಯಿ ಕುಗ್ಗಿಸಲಿಲ್ಲ. ದೋಣಿ ತಿರುಗಿಸಿದೊಡನೆ ಗಾಳಿಯ ನಿಜವಾದ ಬಲ ತಾಗಿತು. ಹಾಯಿಯ ಬುಡದ ಅಡ್ಡಮರ ಬೀಸಿ ಬಂದು ಗಂಡನ ಮೊಣಕೈಯನ್ನು ಪುಡಿ ಮಾಡಿತು. ಆ ತೋಳು ಇವತ್ತಿಗೂ ನೆಟ್ಟಗಾಗಿಲ್ಲ. ಈಗ ಅವನು ಮನೆಯ ಮುಂದಿನ ಕೋಣೆಯಲ್ಲಿ ಹರಿದ ಹಾಯಿ ಹೊಲಿಯುತ್ತಾನೆ. ಊಟದ ಮೇಜು ಗೋಡೆಗೆ ಸರಿದಿದೆ, ಹಾಯಿಬಟ್ಟೆ ಅಡುಗೆಮನೆ ಹೊಸ್ತಿಲವರೆಗೂ ಹರಡಿದೆ.

"ನನ್ನ ಕೈ ಮುರಿದ ಮೇಲೆ ಇವಳಿಗೆ ಬುದ್ಧಿ ಬಂತು," ಎನ್ನುತ್ತಾನೆ ಗಂಡ. "ತಲೆ ಮುರಿದಿದ್ರೆ ಪಂಡಿತೆ ಆಗಿಬಿಡ್ತಿದ್ಳು."

ಆ ಮಾತಿಗೆ ಅವಳು ಎಂದೂ ನಕ್ಕಿಲ್ಲ.

ದೋಣಿಯ ಹಿಂದೆ ಅಲೆಗಳ ತಲೆಯ ಮೇಲೆ ಬಿಳಿ ನೊರೆ ಕಾಣುತ್ತಿದೆ. ಹಾಯಿ ಕುಗ್ಗಿಸುತ್ತೇನೆ ಎಂದು ಅವಳು ತಿಳಿಸುತ್ತಾಳೆ. ಮಾಲೀಕರು ಹತ್ತಿರ ಬಂದು ದನಿ ತಗ್ಗಿಸುತ್ತಾರೆ. "ಎಲ್ರೂ ಖುಷಿಯಾಗಿದ್ದಾರಮ್ಮ. ಒಂದರ್ಧ ಗಂಟೆ ತಡಿ."

"ಅರ್ಧ ಗಂಟೆ ಆದ್ಮೇಲೆ ಇಳಿಸು ಅಂತ ನೀವೇ ಹೇಳ್ತೀರ ಸಾರ್. ಆಗ ಅದು ಇಳಿಯಲ್ಲ."

ಎಂಜಿನ್ ಹಚ್ಚಿ ದೋಣಿಯ ಮೂತಿಯನ್ನು ಮೆಲ್ಲಗೆ ಗಾಳಿಗೆ ಎದುರಾಗಿ ತಿರುಗಿಸುತ್ತಾಳೆ. ಎಂಬತ್ತು ಚದರ ಮೀಟರ್ ಹಾಯಿ ಪಟಪಟ ಬಡಿದುಕೊಳ್ಳುತ್ತದೆ. ಹಾಯಿಯನ್ನು ಮೇಲಕ್ಕೆಳೆಯುವ ಏರುಹಗ್ಗ ಸಡಿಲಿಸಿ ಅದನ್ನು ಒಂದು ಪಟ್ಟಿಯಷ್ಟು ಇಳಿಸುತ್ತಾಳೆ. ಹಾಯಿಯ ಅಂಚಿನಲ್ಲಿ ಕಂಬದ ಪಕ್ಕಕ್ಕಿರುವ ಬಳೆಯನ್ನು ಕೊಕ್ಕೆಗೆ ಸಿಕ್ಕಿಸಿ, ಹಿಂದಿನ ತುದಿಯ ಹಗ್ಗವನ್ನು ರಾಟೆಗೆ ಸುತ್ತಿ ಬಿಗಿಯುತ್ತಾಳೆ. ಏರುಹಗ್ಗವನ್ನು ಮತ್ತೆ ಎಳೆದು ಹಾಯಿಯ ಸುಕ್ಕು ಬಿಡಿಸುತ್ತಾಳೆ. ದೋಣಿಯ ಮುಂತುದಿಯ ಹಾಯಿಯನ್ನೂ ಮೂರನೇ ಒಂದು ಭಾಗದಷ್ಟು ಸುತ್ತಿಡುತ್ತಾಳೆ. ದೋಣಿಯನ್ನು ಮತ್ತೆ ಮೊದಲಿನ ದಿಕ್ಕಿಗೆ ತಿರುಗಿಸಿ ಎಂಜಿನ್ ಆರಿಸುತ್ತಾಳೆ. ಎಲ್ಲ ಸೇರಿ ನಾಲ್ಕು ನಿಮಿಷ. ಗಾಳಿಯ ದಿನಗಳಲ್ಲಿ ಇಳಿಸುವುದು, ಏರಿಸುವುದು ಸೇರಿ ಹತ್ತು ಸಲವಾದರೂ ಆಗುತ್ತದೆ. ಸಂಜೆ ಬಲಭುಜ ಎತ್ತಲಾಗದೆ ತಲೆ ಬಾಚಿಕೊಳ್ಳುವುದು ಎಡಗೈಯಲ್ಲಿ.

ಇಪ್ಪತ್ತು ನಿಮಿಷದ ಮೇಲೆ ಮೂವತ್ತೊಂದು ನಾಟ್ ಗಾಳಿ ಬಂದು ಅಪ್ಪಳಿಸುತ್ತದೆ. ದೋಣಿ ಒಮ್ಮೆ ನಡುಗಿ, ಮೊದಲಿನಂತೆಯೇ ಸಾಗುತ್ತದೆ. ಒಬ್ಬರು ಟೊಪ್ಪಿ ಹಾರಿಹೋಯಿತೆಂದು ಗೊಣಗುತ್ತಾರೆ. ಅಷ್ಟೇ.

ದಡ ಮುಟ್ಟಿದ ಮೇಲೆ ಆ ಟೊಪ್ಪಿಯವರೇ ಮಾಲೀಕರ ಬಳಿ ಹೋಗಿ, ದೋಣಿ ಬಹಳ ನಿಧಾನ ಎನ್ನುತ್ತಾರೆ. ಮೂರನೆಯ ದೂರು. ಮುಂದಿನ ತಿಂಗಳಿಂದ ಹೊಸಬರು ಬರುತ್ತಾರೆ ಎಂದು ಮಾಲೀಕರು ಅವಳ ಮುಖ ನೋಡದೆ ಹೇಳಿ ಹೋಗುತ್ತಾರೆ. ಕಂಬ ಮುರಿದಿದ್ದರೆ ಊರೆಲ್ಲ ಬಂದು ನೋಡುತ್ತಿತ್ತು. ಮುರಿಯದೆ ನಿಂತ ಕಂಬ ಯಾರ ಕಣ್ಣಿಗೂ ಬೀಳುವುದಿಲ್ಲ.

ಅವಳು ಒದ್ದೆ ಹಾಯಿಯನ್ನು ಮಡಿಕೆ ಮಡಿಕೆಯಾಗಿ ಅಡ್ಡಮರದ ಮೇಲೆ ಕೂರಿಸಿ ಕಟ್ಟುತ್ತಾಳೆ. ಈಗ ನಿನಗೇನು ಬೇಕು ಎಂದು ಯಾರಾದರೂ ಕೇಳಿದರೆ ಗಂಟು ಬಿಗಿಯುತ್ತಲೇ ಹೇಳುತ್ತಾಳೆ.

"ಹೊಸಬರು ಹೊರಡೋ ಮೊದಲ್ನೇ ದಿನ ನನ್ನನ್ನೂ ಕರ್ಕೊಂಡು ಹೋಗ್ಲಿ. ಸಂಬಳ ಬೇಡ. ಒಂದು ಮೂಲೇಲಿ ಕೂತಿರ್ತೀನಿ. ಹಿಂಗಾಳಿ ಹಿತವಾಗಿದೆ ಅಂತ ಅವರಿಗೆ ಅನ್ನಿಸಿದಾಗ, ಈಗ್ಲೇ ಹಾಯಿ ಇಳಿಸಿ ಅಂತ ಒಂದೇ ಒಂದು ಮಾತು ಹೇಳಿ ಸುಮ್ಮನಾಗ್ತೀನಿ."